ಹೊಸ ಮನೆಗೆ ಮೊದಲು ಬರುವವರು ಯಾರು?

ಬರೆದವರಿಗೆ ಎಲ್ಲ ಗೊತ್ತಿರುವುದರಿಂದಲೇ ಸೂಚನಾ ಪುಸ್ತಕಗಳು ಓದುವವರಿಗೆ ತಿಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಮಿಕ್ಸರಿನದನ್ನೂ ಓದದೆ ಸಂಸಾರ ಸಾಗಿಸಿದ ನಾನು, ಗೋಕಾಕದ ಮನೆಯಲ್ಲಿ ಕೂತು ಒಂದು ಸಾಮಾಜಿಕ ಜಾಲದ ಸೂಚನೆಗಳನ್ನು ತಿಂಗಳುಗಟ್ಟಲೆ ಓದಿದೆನೆಂದರೆ ಅದಕ್ಕೆ ಕಾರಣ ಮಹಾದೇವಿ.

ಹುಕ್ಕೇರಿಯ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಈಗ ಅವಳು ಮೂಡಲಗಿಯಲ್ಲಿದ್ದಾಳೆ. ಎಲ್ಲರೂ ಇರುವ ದೊಡ್ಡ ಜಾಲದಲ್ಲಿ ದಿನಾ ಬೆಳಗ್ಗೆ ಹರಟುತ್ತಿದ್ದೆವು: ಅವಳ ರೊಟ್ಟಿ ಹರಿದದ್ದು, ನನ್ನ ಹಾಲು ಉಕ್ಕಿದ್ದು. ಒಂದು ದಿನ ಅವಳಿಗೆ ಅಲ್ಲಿನ ಜಾಹೀರಾತುಗಳ ಮೇಲೆ ಸಿಟ್ಟು ಬಂತು. ಯಾರ ಯಜಮಾನಿಕೆಯೂ ಇಲ್ಲದ ಹೊಸ ಜಾಲವೊಂದಿದೆ, ಅಲ್ಲಿ ಬೇಕಾದವರು ತಮ್ಮದೇ ಸರ್ವರ್, ಅಂದರೆ ಜಾಲ ನಡೆಸುವ ಕಂಪ್ಯೂಟರ್, ಇಟ್ಟುಕೊಂಡು ಬೇರೆ ಸರ್ವರಿನವರ ಜೊತೆ ಮಾತಾಡಬಹುದು ಎಂದು ಹೇಳಿ ಎದ್ದೇ ಹೋದಳು. "ಬಾಡಿಗಿ ಮನಿ ಸಾಕಾತು. ನೀನೂ ಸ್ವಂತ ಮನಿ ಮಾಡು, ಅಲ್ಲೇ ಮಾತಾಡೂಣು" ಅಂದಳು. ಫೋನ್ ಹಚ್ಚಬಾರದೇ ಎಂದು ನಮ್ಮವರು ಕೇಳಿದರು. ರೊಟ್ಟಿ ಹರಿಯಿತೆಂದು ಹೇಳಲು ಯಾರೂ ಫೋನ್ ಹಚ್ಚುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ಕೆಲಸಕ್ಕೆ ಬಾರದ ಮಾತೇ.

ಸೂಚನೆಗಳು ಸಿಕ್ಕವು, ಆದರೆ ಒಂದೇ ಕಡೆ ಅಲ್ಲ. ಒಂದು ಪುಟ ಇನ್ನೊಂದಕ್ಕೆ ಕಳಿಸುತ್ತಿತ್ತು, ಅದು ಮತ್ತೊಂದಕ್ಕೆ, ಆ ಮತ್ತೊಂದು ತಿರುಗಿ ಮೊದಲನೆಯದಕ್ಕೆ. ಅಂತೂ ಮನೆ ಎದ್ದಿತು. ವಿಳಾಸವನ್ನು ಮಹಾದೇವಿಗೆ ತಿಳಿಸಿ, "ಬರ್ರಿ, ಚಾ ಐತಿ" ಎಂದು ಮೊದಲ ಮಾತು ಬರೆದು ಕೂತೆ. ನಮ್ಮ ಕಡೆ ಹೊಸ ಮನೆ ಮಾಡಿದವರಲ್ಲಿಗೆ ಉಳಿದವರು ಮೊದಲು ಬಂದು ಹೋಗಬೇಕು. ಮನೆಯಾಕೆ ತಾನೇ ಹೊರಡುವುದು ಚಂದವಲ್ಲ. ಯಾರೂ ಬರಲಿಲ್ಲ. ಏನೋ ಕೆಟ್ಟಿರಬೇಕೆಂದು ಇಡೀ ಸರ್ವರ್ ಕೆಡವಿ ಮತ್ತೆ ಕಟ್ಟಿದೆ. ಆಗಲೂ ಯಾರೂ ಇಲ್ಲ. ಬಾಯಿಬಿಟ್ಟು ಕೇಳಲು ಬಿಗುಮಾನ. ಬೆಳಗ್ಗೆ ಹಾಲು ಉಕ್ಕುತ್ತಿತ್ತು, ಹೇಳೋಣವೆಂದರೆ ಅವಳಿರಲಿಲ್ಲ. ಅವಳ ನೆನಪಾಗಿ ನಿಜಕ್ಕೂ ಸಂಕಟವಾಗುತ್ತಿತ್ತು.

ಉತ್ತರ ಇದ್ದದ್ದು ಪೀಠಿಕೆಯಲ್ಲಿ. ಪೀಠಿಕೆಯನ್ನು ಯಾರು ಓದುತ್ತಾರೆ? ನಾವು ಬರೆದದ್ದು ನಮ್ಮನ್ನು ಹಿಂಬಾಲಿಸುವವರಿಗಷ್ಟೇ ಮುಟ್ಟುತ್ತದೆ, ಇಬ್ಬರಲ್ಲಿ ಒಬ್ಬರಾದರೂ ಮೊದಲು ಹೋಗಿ ಹಿಂಬಾಲಿಸದಿದ್ದರೆ ಒಂದು ಸರ್ವರಿಗೆ ಇನ್ನೊಂದು ಇರುವುದೇ ಗೊತ್ತಾಗುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಬಿಗುಮಾನ ಬದಿಗಿಟ್ಟು, ಅವಳು ಹೋಗುವಾಗ ಕೊಟ್ಟಿದ್ದ ವಿಳಾಸ ಹಾಕಿ, ಹಿಂಬಾಲಿಸುವ ಗುಂಡಿ ಒತ್ತಿದೆ. ಸ್ವಲ್ಪ ಹೊತ್ತಿಗೆ ಅವಳು ತನ್ನ ಪುಟದಲ್ಲಿ ಬರೆದ ಮಾತು ನನಗೆ ಬಂದು ಮುಟ್ಟಿತು: "ಕಡಿಗೂ ಗೋಕಾಕದಾಕಿ ಬಂದ್ಳು. ನನ್ನ ಮನಿ ಮೊದಲ ಆಗೇತಿ, ಆಕೀನ ಮೊದಲ ಬರಬೇಕಂತ ದಿನಾ ಬಾಗಲಾ ನೋಡಾಕತ್ತಿದ್ನಿ."

ಓದಿ ಕಣ್ಣು ತುಂಬಿತು. ಈಗ ಅವಳ ರೊಟ್ಟಿಯ ಸುದ್ದಿ ದಿನಾ ಬರುತ್ತದೆ. ನನ್ನ ಹಾಲಿನ ಸುದ್ದಿ ಅವಳಿಗೆ ಮುಟ್ಟಬೇಕಾದರೆ ಅವಳೂ ಬಂದು ನನ್ನನ್ನು ಹಿಂಬಾಲಿಸಬೇಕು. ಇನ್ನೂ ಬಂದಿಲ್ಲ. ಒಂದು ಫೋನ್ ಹಚ್ಚಿ ಹೇಳಿದರೆ ಮುಗಿಯಿತು ಎಂದು ನಮ್ಮವರು ಮತ್ತೆ ಹೇಳುತ್ತಿದ್ದಾರೆ. ಆದರೆ ನಾನು ಒಮ್ಮೆ ಹೋಗಿ ಬಂದವಳು. ಈಗ ಬರುವ ಸರದಿ ಅವಳದಲ್ಲವೇ? ಚಹಕ್ಕೆ ನೀರಿಟ್ಟುಕೊಂಡು ಕೂತಿದ್ದೇನೆ.