ನೆಲದಿಂದ ಏಳುವ ಗಾಳಿ

ನಮ್ಮ ದೊಡ್ಡಪ್ಪನಿಗೆ ಕಣ್ಣಿಗೆ ಕಾಣುವ ಯಾವುದರ ಭಯವೂ ಇಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಅಡ್ಡ ನುಗ್ಗುವ ಟೆಂಪೋಗೆ ಹೆದರುವುದಿಲ್ಲ, ಬೀದಿನಾಯಿಗೆ ಹೆದರುವುದಿಲ್ಲ, ಕೊನೆಗೆ ದೊಡ್ಡಮ್ಮನಿಗೂ ಹೆದರುವುದಿಲ್ಲ! (ಇದು ಅವರ ಹೇಳಿಕೆ. ನನ್ನ ಡೈರಿಯ ದಾಖಲೆ ಬೇರೆ ಇದೆ.) ಅವರು ಹೆದರುವುದು ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಒಂದೇ ಒಂದಕ್ಕೆ. ಅದರ ಹೆಸರು ರೇಡಾನ್.

ಜಾಲಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಕೂದಲೆಳೆಯಷ್ಟು ಸೊಟ್ಟಗಿದ್ದ ಬೋಲ್ಟನ್ನೂ ವಾಪಸ್ ಕಳಿಸಿದವರು ಅವರು. ನಿವೃತ್ತರಾದ ಮೇಲೆ ವಾಪಸ್ ಕಳಿಸಲು ಬೇರೇನೂ ಸಿಗದೆ ಇಡ್ಲಿ ವಾಪಸ್ ಕಳಿಸುತ್ತಿದ್ದರು.

ಫೆಬ್ರವರಿ ೩, ಮಂಗಳವಾರ. ಏಳು ತಿಂಗಳ ಬಸುರಿಯಾಗಿದ್ದ ಅವರ ಮಗಳು, ಅಂದರೆ ನಮ್ಮ ಅಕ್ಕ, ಬಾಣಂತನಕ್ಕೆ ತವರಿಗೇ ಬರುವುದೆಂದು ತೀರ್ಮಾನವಾಯಿತು. ಜಾಲಹಳ್ಳಿ ಪಕ್ಕದ ಸಿಂಗಾಪುರದ (ವಿಮಾನ ಬೇಡ, ಸಿಟಿ ಬಸ್ಸು ಸಾಕು) ಈ ಮನೆಯಲ್ಲಿ, ನಾನೂ ಇಲ್ಲೇ ಇರುವವಳು, ಬಾಣಂತಿಗೆ ಸರಿಹೋಗುವುದು ಹಿಂದುಗಡೆಯ ಕೋಣೆ ಒಂದೇ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಬಚ್ಚಲು ಪಕ್ಕದಲ್ಲೇ. ಆದರೆ ಅದನ್ನು ಕಟ್ಟಿರುವುದು ಇಳಿಜಾರಿನ ಬಂಡೆ ಒಡೆದು, ಅರ್ಧ ನೆಲದೊಳಗೆ. ಅಂಥ ಕಲ್ಲಿನಿಂದ ರೇಡಾನ್ ಎಂಬ ಅನಿಲ ಹೊರಟು, ನೆಲದ ಬಿರುಕಿನಲ್ಲಿ ನುಸುಳಿ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳಬಹುದು, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರಬಹುದು ಎಂದು ದೊಡ್ಡಪ್ಪ ಎಲ್ಲೋ ಓದಿಬಿಟ್ಟಿದ್ದರು.

"ಮೊಮ್ಮಗು ಮೊದಲನೇ ಉಸಿರು ಎಳೆಯೋ ಕೋಣೆ! ಟೆಸ್ಟ್ ಮಾಡ್ದೆ ಹೆಂಗೆ ಪಾಸ್ ಮಾಡ್ಲಿ?"

"ಮೊದಲನೇ ಉಸಿರು ಆಸ್ಪತ್ರೇಲಿ ಕಣ್ರೀ," ಎಂದರು ದೊಡ್ಡಮ್ಮ.

"ಮಿಕ್ಕಿದ್ದು?"

ದೊಡ್ಡಮ್ಮ ಆಗಲೇ ಕಿಟಕಿಗೆ ಹೊದಿಸಲು ಕಂಬಳಿ ಹುಡುಕುತ್ತಿದ್ದರು. ಬಾಣಂತಿಗೆ ಗಾಳಿ ಸೋಕಬಾರದಲ್ಲ!

"ಕಿಟಕಿ ಮುಚ್ಚಿದ್ರೆ ಏನ್ ಬಂತು? ಗಾಳಿ ನೆಲದಿಂದಾನೇ ಏಳ್ತಾ ಇದೆ ಕಣೇ!" ಎಂದು ದೊಡ್ಡಪ್ಪ ಅಂಗಳದಲ್ಲಿ ನಿಂತು ಕೂಗಿದರು.

ಅದು ಪಕ್ಕದ ಮನೆಯ ಅಜ್ಜಿಗೆ ಕೇಳಿಸಿತು. ನಮ್ಮಲ್ಲಿ ಗಾಳಿ ಎಂದರೆ ಎರಡು: ಕಿಟಕಿಯಿಂದ ಬೀಸುವುದೊಂದು, ಮನುಷ್ಯರನ್ನು ಹಿಡಿಯುವುದೊಂದು. ಅಜ್ಜಿ ಯಾವುದನ್ನು ಆರಿಸಿಕೊಂಡರು ಎಂದು ಹೇಳಬೇಕೆ? ಸಂಜೆಯೊಳಗೆ ನಮ್ಮ ಗೇಟಿನಲ್ಲಿ ನಿಂಬೆಹಣ್ಣು ಎರಡು, ಮೆಣಸಿನಕಾಯಿ ಐದು.

"ಬಸ್ರಿ ಎಂಗಸು ಬರೋ ಮನೇಲಿ ಇಂಗೆಲ್ಲಾ ಆಗ್ಬಾರ್ದು ಕಣಪ್ಪಾ. ಆ ಬಂಡೆ ಒಡ್ದಾಗ್ಲೇ ನಾನು ಏಳಿದ್ದೆ."

"ಅಜ್ಜೀ, ಇದು ಆ ಗಾಳಿ ಅಲ್ಲ. ಯುರೇನಿಯಂನಿಂದ ಬರೋದು."

"ಯಾರಿಂದ ಬಂದ್ರೇನಪ್ಪಾ, ಓಡಿಸ್ಬೇಕು ತಾನೆ?"

ದೊಡ್ಡಪ್ಪ ನಿಂಬೆಹಣ್ಣು ಬಿಚ್ಚದೆ ಒಳಗೆ ಬಂದರು. ಅವರ ಯೋಜನೆಯೂ ಅದೇ ಆಗಿತ್ತು.

ಫೆಬ್ರವರಿ ೧೪, ಶನಿವಾರ. ಪರೀಕ್ಷೆಯ ಡಬ್ಬಿ ಬಂತು. ಒಳಗೆ ಇದ್ದಿಲಿನ ಹರಳು, ಮೇಲೆ ಜಾಲರಿ. ಇದ್ದಿಲು ರೇಡಾನನ್ನು ಹೀರಿಕೊಳ್ಳುತ್ತದಂತೆ. ಆಮೇಲೆ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಹನ್ನೆರಡು ಗಂಟೆ ಮೊದಲೇ ಕಿಟಕಿ ಬಾಗಿಲು ಮುಚ್ಚಿ, ಪರೀಕ್ಷೆ ಮುಗಿಯುವವರೆಗೂ ಹಾಗೇ ಇಡಬೇಕೆಂಬ ಸೂಚನೆ ಓದಿ ದೊಡ್ಡಮ್ಮನಿಗೆ ಪರಮಾನಂದ. "ನೋಡಿದ್ರಾ? ನಿಮ್ಮ ವಿಜ್ಞಾನಾನೂ ಗಾಳಿ ಬಿಡ್ಬೇಡಿ ಅಂತಾನೇ ಹೇಳತ್ತೆ!" ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಮೊದಲ ಒಮ್ಮತ.

ಅದು ಎರಡು ದಿನ ಬಾಳಿತು. ಸೋಮವಾರ ಬೆಳಿಗ್ಗೆ ನೋಡಿದರೆ ಡಬ್ಬಿ ಖಾಲಿ, ಜಾಲರಿ ಪಕ್ಕಕ್ಕೆ! ಕೋಣೆಯ ತುಂಬ ಸಾಂಬ್ರಾಣಿ ಹೊಗೆ.

"ಮಗು ಬರೋದ್ರೊಳಗೆ ಒಂದ್ಸಲ ಧೂಪ ಹಾಕಿ ನೋಡೋಣ ಅಂತ," ಎಂದರು ದೊಡ್ಡಮ್ಮ, ಕೆಮ್ಮುತ್ತಾ. "ನಿಮ್ಮ ಇದ್ದಿಲು ಸರಿಯಾಗಿ ಹತ್ಕೊಳ್ಳೋದೇ ಇಲ್ಲ ಕಣ್ರೀ. ಯಾವ ಅಂಗಡೀದು?"

ಡೈರಿಯಲ್ಲಿ ಬರೆದೆ: ಮೊದಲ ಪರೀಕ್ಷೆ. ಫಲಿತಾಂಶ: ಘಮಘಮ.

ಈ ಸಲ ದೊಡ್ಡಪ್ಪ, ಯಾರೂ ಬೆಂಕಿ ಹಚ್ಚಲಾಗದಂಥ ಒಂದು ಡಿಜಿಟಲ್ ಮೀಟರ್ ತರಿಸಿದರು. ಒಂದು ವಾರದ ಸರಾಸರಿ ೨೧೪. ನೂರರೊಳಗಿದ್ದರೆ ಒಳ್ಳೆಯದು ಎಂದು ಅವರು ಓದಿದ್ದರು. ಆ ದಿನ ಮನೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ದೊಡ್ಡಮ್ಮ ಮಡಿಸಿಟ್ಟಿದ್ದ ಕಂಬಳಿಯನ್ನು ಬೀರುವಿಗೆ ವಾಪಸ್ ಇಟ್ಟರು.

ಮರುದಿನದಿಂದ ಯುದ್ಧ. ಬಿರುಕು ಹನ್ನೊಂದು, ಎಲ್ಲ ಮುಚ್ಚಿದ್ದಾಯಿತು. ನೆಲ ಕೊರೆದು ಪೈಪ್ ಇಳಿಸಿ, ನೆಲದಡಿಯ ಗಾಳಿಯನ್ನು ಫ್ಯಾನಿನಿಂದ ಎಳೆದು ತಾರಸಿಯ ಮೇಲಕ್ಕೆ ಬಿಡುವ ವ್ಯವಸ್ಥೆ. ಎದುರು ಮನೆಯ ಬಿಲ್ಡರ್ ಕತ್ತೆತ್ತಿ ನೋಡಿ, "ಏನ್ ಸಾರ್, ಬೇಕರಿ ಓಪನ್ನಾ?" ಎಂದ. ಅಜ್ಜಿ ಮಾತ್ರ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ ಹೋದರು. ಕಿಟಕಿ ಮುಚ್ಚಿದ್ದಾಗಲೂ ಮೀಟರ್ ೪೬ಕ್ಕೆ ಇಳಿಯಿತು. ಕಂಬಳಿ ಬೀರುವಿನಿಂದ ಹೊರಬಂತು.

ಏಪ್ರಿಲ್‌ನಲ್ಲಿ ಅಕ್ಕ ಮಗುವಿನೊಂದಿಗೆ ಆಸ್ಪತ್ರೆಯಿಂದ ಬಂದಳು. ಹೆಣ್ಣು. ಹನ್ನೊಂದನೆಯ ದಿನದವರೆಗೆ ಗಂಡಸರು ಒಳಗೆ ಕಾಲಿಡುವಂತಿಲ್ಲ ಎಂದು ದೊಡ್ಡಮ್ಮನ ಆಜ್ಞೆ. ದೊಡ್ಡಪ್ಪ ದಿನಾ ಬೆಳಿಗ್ಗೆ ಹೊಸ್ತಿಲಾಚೆ ನಿಂತು "ಮೀಟರ್ ಎಷ್ಟು?" ಎನ್ನುವರು. ೪೪, ೪೬, ೪೩ ಎಂದು ನಾನು ಓದಿ ಹೇಳುವೆ. ಅವರು "ಪಾಸ್" ಎಂದು ಹೊರಡುವರು.

ನಾಲ್ಕನೆಯ ದಿನ ನಾನು ಮೀಟರ್ ಎತ್ತಿಕೊಂಡೆ.

"ಅದು ಬಿಡಮ್ಮಾ," ಎಂದರು. ದನಿ ತೀರಾ ಸಣ್ಣಗಿತ್ತು. "ಮಗು ಉಸಿರಾಡ್ತಾ ಇದ್ಯಾ, ನೋಡು."

ಅಕ್ಕ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಅಂಗೈಯಷ್ಟಗಲದ ಎದೆಯೊಂದು ಏಳುತ್ತಿತ್ತು, ಇಳಿಯುತ್ತಿತ್ತು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಆ ಉಸಿರನ್ನು ಎಣಿಸಿದೆ.

"ನಲವತ್ತೊಂದು, ದೊಡ್ಡಪ್ಪ."

ಹಿಂತಿರುಗಿ ನೋಡಿದೆ. ಕಣ್ಣು ಮುಚ್ಚಿ ಗೋಡೆಗೆ ಒರಗಿ ನಿಂತಿದ್ದ ಅವರು, ಅಷ್ಟು ಹೊತ್ತು ಬಿಗಿಹಿಡಿದಿದ್ದ ತಮ್ಮ ಉಸಿರನ್ನು ಆಗಷ್ಟೇ ಬಿಟ್ಟರು.