ಸೆಟ್ಟು ಸೋಸಿದ ದನಿ

ತಾಳವಾಡಿಯಲ್ಲಿ ಮೊಬೈಲು, ವಾಕಿಟಾಕಿ ರಿಪೇರಿ ಮಾಡುವವನು ನಾನು. ಆನೆ ಕಾವಲಿನವರ ವಾಕಿಟಾಕಿ ಸೆಟ್ಟುಗಳ ಕೆಲಸ ಒಪ್ಪಿಕೊಂಡ ದಿನದಿಂದ ಇಂಥ ಪ್ರಸಂಗಗಳು ನನ್ನ ಬೆನ್ನು ಬಿಟ್ಟಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ್ದೇನೆ.

೧. ಹೊಸ ಸೆಟ್ಟು

ತಾಳಮಲೆ ಕಡೆಯ ಹಳ್ಳಿಗೆ ಡಿಜಿಟಲ್ ಸೆಟ್ಟು ಬಂದವು. ಒಂದು ಕಾಡಂಚಿನಲ್ಲಿ ಕಾವಲಿರುವ, ನಾನು ಅಣ್ಣ ಎಂದು ಕರೆಯುವವನಿಗೆ, ಇನ್ನೊಂದು ಊರ ಮುಂದೆ ನಾವೆಲ್ಲ ಅಕ್ಕ ಎನ್ನುವ ಅವನ ಹೆಂಡತಿ ನಡೆಸುವ ಟೀ ಅಂಗಡಿಗೆ.

"ಇದು ನಿನ್ನ ದನೀನೇ ಕಳ್ಸಲ್ಲ ಕಣಣ್ಣ. ದನಿಯ ಗುರುತ್ನ ಒಂದಿಷ್ಟು ಅಂಕಿ ಮಾಡಿ ಕಳ್ಸ್ತದೆ. ಆ ಕಡೆ ಸೆಟ್ಟು ಅದನ್ನ ನೋಡಿ ತಾನೇ ಮಾತಾಡ್ತದೆ" ಎಂದೆ.

"ಅಂಗಾರೆ ಮಾತಾಡೋನು ನಾನಲ್ವಾ?"

"ನಿನ್ನಂಗೆ ಮಾತಾಡೋ ಇನ್ನೊಬ್ಬ."

"ಆನೆ ಓಡ್ಸಕೂ ಆ ಇನ್ನೊಬ್ಬನ್ನೇ ಕಳ್ಸು ಕಣ್ಲಾ."

೨. ಕೂಗು

ನಮ್ಮ ಕಡೆ ಆನೆ ಕಂಡರೆ ಮಾತಾಡುವುದಿಲ್ಲ, ಬಾಯಿಗೆ ಕೈಯಿಟ್ಟು "ಕೂ" ಎಂದು ಉದ್ದಕ್ಕೆ ಕೂಗುತ್ತಾರೆ. ಹೊಲದಿಂದ ಹೊಲಕ್ಕೆ ಸುದ್ದಿ ಮುಟ್ಟುತ್ತದೆ. ಒಂದು ಮುಂಜಾನೆ ಅಣ್ಣ ಸೆಟ್ಟಿನಲ್ಲೂ ಹಾಗೇ ಕೂಗಿದ. ಮಾತನ್ನಷ್ಟೇ ಬಲ್ಲ ಸೆಟ್ಟು ಆ ಕೂಗನ್ನು ಅಗಿದು ಅಂಗಡಿಯಲ್ಲಿ ಗೊಳಗೊಳ ಎಂದು ಉಗುಳಿತು.

"ನಮ್ಮೋರು ಬಾಯಿ ಮುಕ್ಕಳಿಸ್ತಾವ್ರೆ, ಬುಡಿ" ಎಂದು ಅಕ್ಕ ಟೀ ಸೋಸಿದಳು. ಟೀ ಕುಡಿಯುತ್ತಿದ್ದವರು ಯಾರೂ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಅವರದೇ ಬಾಳೆ ತೋಟ ನೆಲಸಮ. ಮುಕ್ಕಳಿಸಿದ್ದು ಗಂಡ, ಉಂಡಿದ್ದು ಆನೆ.

೩. ಪರೀಕ್ಷೆ

ಆಮೇಲೆ ನಾನೇ ಕಟ್ಟಪ್ಪಣೆ ಮಾಡಿದೆ: ಕೂಗಕೂಡದು, ಬಿಡಿಸಿ ಮಾತಾಡಬೇಕು, ದಿನಾ ಬೆಳಗ್ಗೆ ಒಂದು ಸಲ ಮಾತಾಡಿ ಸೆಟ್ಟು ಪರೀಕ್ಷಿಸಬೇಕು.

ಒಂದು ಬೆಳಗ್ಗೆ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಸೆಟ್ಟು ಹೇಳಿತು: "ಆನೆ ಅಟ್ಟಿಸ್ಕಂಡ್ ಬಂತು. ಉಣಸೆ ಮರ ಅತ್ತಿವ್ನಿ. ಬನ್ನಿ."

ನಡುಕ, ಏದುಸಿರು ಎಲ್ಲ ದಾರಿಯಲ್ಲೇ ಸೋಸಿಹೋಗಿ, ಪಾಠ ಒಪ್ಪಿಸಿದ ಹಾಗಿತ್ತು. ಪರೀಕ್ಷೆಯೆಂದುಕೊಂಡೆ.

"ಚೆಂದಾಗಿ ಕೇಳ್ತಾ ಅದೆ ಕಣಣ್ಣ. ಇನ್ನೊಂದ್ಸಲ ಏಳು" ಎಂದೆ.

ಹೇಳಿದ. ಮತ್ತೊಂದು ಸಲ ಹೇಳಿಸಿದೆ. ಪಾಪಿ ನಾನು, ಟೀನೂ ಮುಗಿಸಿದೆ.

ಅಕ್ಕನ ಕೈಯಿಂದ ಲೋಟ ಬಿತ್ತು. "ನಮ್ಮೋರು ಒಂದ್ ಮಾತ್ನ ಮೂರು ಸಲ ಏಳೋರೇ ಅಲ್ಲ! ಓಡ್ರಪ್ಪಾ!"

ಓಡಿದೆವು. ಕೊಂಬೆ ಮುರಿದು ಅಣ್ಣ ಕೆಳಗೆ ಬಿದ್ದಿದ್ದ. ನಮ್ಮ ಗದ್ದಲಕ್ಕೆ ಆನೆ ತಿರುಗಿ ಹೋಯಿತು. ಜೀವ ಉಳಿಯಿತು, ಎರಡೂ ಕಾಲು ಮುರಿದಿದ್ದವು.

ಆಸ್ಪತ್ರೆಯ ಮಂಚದ ಪಕ್ಕ ನಿಂತಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಅಳು ಒತ್ತರಿಸಿ ಬಂತು.

"ತಪ್ಪು ನಂದು ಕಣಣ್ಣ. ಕ್ಷಮಿಸ್ಬುಡು."

ಅಣ್ಣ ಕಣ್ಣು ಮುಚ್ಚಿಕೊಂಡೇ ಹೇಳಿದ: "ಚೆಂದಾಗಿ ಕೇಳ್ತಾ ಅದೆ ಕಣ್ಲಾ. ಇನ್ನೊಂದ್ಸಲ ಏಳು."