ಸದಾಶಿವಪ್ಪನ ಬಲ್ಬು ಪರೀಕ್ಷೆ

ಶಾಗ್ಯದ ಸದಾಶಿವಪ್ಪ ಅಕ್ಕನನ್ನು ಕಳೆದುಕೊಂಡದ್ದು ಒಂದು ಫೋನಿನಿಂದ. ಮಗಳ ಸೀಮಂತಕ್ಕೆ ಹೆಂಡತಿ ಜೊತೆ ಅಕ್ಕನ ಊರು ಮಾಂಬಳ್ಳಿಗೆ ಹೋಗಿ, ಕುಂಕುಮ ಇಟ್ಟು ಕರೆಯುವುದು ಬಿಟ್ಟು, ಗದ್ದೆ ಬದುವಿನ ಮೇಲೆ ನಿಂತು ಫೋನಿನಲ್ಲೇ “ಬಂದ್ಬುಡಕ್ಕ” ಅಂದುಬಿಟ್ಟಿದ್ದ. ಅಕ್ಕ ಗುರುಸಿದ್ದಮ್ಮ ಬರಲಿಲ್ಲ. ಆಮೇಲೆ ಯಾವ ಹಬ್ಬಕ್ಕೂ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ಯಾರ ಪುಣ್ಯವೋ ಏನೋ, ಇವತ್ತು ಸಂಜೆ ಬಸ್ಸಿಗೆ ಬರುತ್ತೇನೆಂದು ಹೇಳಿ ಕಳಿಸಿದ್ದಳು.

ಸರಿಯಾಗಿ ಇವತ್ತೇ ನಡುಮನೆಯ ಬಲ್ಬು ಕಣ್ಣು ಮುಚ್ಚಿತ್ತು.

ಆ ಮನೆಯಲ್ಲಿ ನಡುಮನೆಯ ಬಲ್ಬೆಂದರೆ ಬರೀ ಬಲ್ಬಲ್ಲ. ಊರಿಗೆ ಕರೆಂಟು ಬಂದ ಸಂಜೆ ಅಪ್ಪ ಅಕ್ಕನನ್ನು ಎತ್ತಿಕೊಂಡು ಅವಳ ಕೈಯಿಂದಲೇ ಸ್ವಿಚ್ಚು ಒತ್ತಿಸಿದ್ದ. ನಲವತ್ತು ಕ್ಯಾಂಡಲ್ಲಿನ ಬಲ್ಬು ಹಳದಿಯಾಗಿ ಹತ್ತಿಕೊಂಡಾಗ ಮನೆಮಂದಿಯೆಲ್ಲ ಕೈ ಮುಗಿದಿದ್ದರು. ಅದೇ ಬೆಳಕಿನಲ್ಲಿ ಅಕ್ಕ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಪುಟ್ಟ ತಮ್ಮನ ಬಾಯಿಗಿಡುತ್ತಿದ್ದಳು. ಅಂಥ ಅಕ್ಕ ದೀಪವಿಲ್ಲದ ತೌರಿಗೆ ಕಾಲಿಟ್ಟರೆ ಈ ಜನ್ಮದಲ್ಲಿ ಮತ್ತೆ ಇತ್ತ ತಲೆ ಹಾಕಳು.

ಬೆಳಿಗ್ಗೆಯೇ ಹನೂರಿಗೆ ಹೋಗಿ, ತಳ್ಳುಗಾಡಿಯವನ ಹತ್ತಿರ ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಒಂದು ಚೀಲದ ತುಂಬ ತಂದ. ಹತ್ತರಲ್ಲಿ ಒಂದಾದರೂ ಗಟ್ಟಿ ಇರಲಾರದೇ ಎಂಬುದು ಅವನ ಧೈರ್ಯ. ಚೀಲ ಕಂಡದ್ದೇ ತಡ, ಎದುರುಮನೆಯ ದೊಡ್ಡಮಾದಪ್ಪ ಕರೆಯದೆಯೇ ಬಂದು ಗೋಡೆಗೆ ಒರಗಿ ಕೂತ.

ಸದಾಶಿವಪ್ಪ ಸ್ಟೂಲು ಹತ್ತಿ ಮೊದಲ ಬಲ್ಬು ಹಾಕಿದ. ಝಗ್ಗನೆ ಹತ್ತಿತು. ಹಚ್ಚಿದ ದೀಪಕ್ಕೆ ಕೈ ಮುಗಿಯುವುದು ದೊಡ್ಡಮಾದಪ್ಪನ ಹುಟ್ಟು ಅಭ್ಯಾಸ, ಮುಗಿದ. ಸದಾಶಿವಪ್ಪ ಕೈ ತೆಗೆದ. ಬಲ್ಬು ಕಣ್ಣು ಮಿಟುಕಿಸಿ ಆರಿಹೋಯಿತು.

ಅವನು ಬಲ್ಬು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅವನಪ್ಪ ಮಾಡುತ್ತಿದ್ದದ್ದೂ ಹೀಗೆಯೇ. ಆ ಕಾಲದ ಬಲ್ಬಿನೊಳಗೆ ತಂತಿ ಕಡಿದಿದ್ದರೆ ಕಿಣಿಕಿಣಿ ಅನ್ನುತ್ತಿತ್ತು. ಬೀದಿಯವರೆಲ್ಲ ಬಲ್ಬು ತಂದು ಅಪ್ಪನ ಕಿವಿಗೆ ತೋರಿಸಿಕೊಂಡು ಹೋಗುತ್ತಿದ್ದರು. ಆ ಕಿವಿ ವಂಶಪಾರಂಪರ್ಯವಾಗಿ ತನಗೂ ಬಂದಿದೆಯೆಂದು ಸದಾಶಿವಪ್ಪ ನಂಬಿದ್ದ.

“ಗಡಗಡ ಅಂತದೆ. ಸತ್ತೋಗದೆ ಇದು.”

“ಎಸ್ದುಬುಡ್ಲಾ ಅತ್ಲಾಗೆ,” ಅಂದ ದೊಡ್ಡಮಾದಪ್ಪ.

ಎರಡನೆಯದೂ ಹತ್ತಿತು, ದೊಡ್ಡಮಾದಪ್ಪ ಕೈ ಮುಗಿದ, ಆರಿತು. ಮೂರನೆಯದೂ ಅದೇ ಕತೆ.

“ಮಾದಪ್ಪಣ್ಣ, ನೀನು ಕೈ ಮುಗ್ದೇಟ್ಗೇ ಓಯ್ತದೆ ಕಣಣ್ಣ. ಒಸಿ ಸುಮ್ಕಿರು.”

“ದೀಪ ಕಂಡು ಕೈ ಮುಗೀದೆ ಇರಕ್ಕಾದದೇನ್ಲಾ?” ಎಂದ ದೊಡ್ಡಮಾದಪ್ಪ, ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತ. ನಾಲ್ಕನೆಯದೂ ಆರಿತು.

ಅಡಿಗೆಮನೆಯಿಂದ ಹೆಂಡತಿ ರತ್ನ ಇಣುಕಿದಳು. “ಏನೂಂದ್ರೆ, ಆ ಓಲ್ಡ್ರು ಒಸಿ ನೋಡಿ. ಅದ್ರದ್ದೇ ಏನೋ...”

“ನಮ್ಮಪ್ಪ ಕೂರ್ಸಿರೋ ಓಲ್ಡ್ರು ಕಣೇ ಅದು! ಕಲ್ಲಿದ್ದಂಗದೆ. ನೀನು ಒಬ್ಬಟ್ಟು ನೋಡೋಗು.”

ಗಂಡನ ಮನೆಯ ಹೋಲ್ಡರಿನ ವಿಷಯ ನನಗ್ಯಾಕೆ ಎಂದು ಅವಳು ಒಳಗೆ ಹೋದಳು. ಪರೀಕ್ಷೆಯಲ್ಲಿ ನಪಾಸಾದ ಬಲ್ಬುಗಳು ಮೊರದಲ್ಲಿ ರಾಶಿ ಬಿದ್ದವು. “ಮಕ್ಳಾಟಕ್ಕಾಯ್ತದೆ” ಅಂತ ದೊಡ್ಡಮಾದಪ್ಪ ನಾಲ್ಕು ಎತ್ತಿಕೊಂಡು ಹೋದ. ಸುದ್ದಿ ಹಬ್ಬಿ ಬೀದಿಯವರು ಉಳಿದದ್ದನ್ನೂ ಗುಡಿಸಿಕೊಂಡು ಹೋದರು. ಕೊಡುಗೈ ದೊರೆಯಂತೆ ಸದಾಶಿವಪ್ಪ ಬೇಡವೆನ್ನಲಿಲ್ಲ.

ಹೊತ್ತು ಮುಳುಗುವ ವೇಳೆಗೆ ಉಳಿದದ್ದು ಒಂದೇ ಬಲ್ಬು. ಹಾಕಿದ, ಹತ್ತಿತು. ಈ ಸಲ ಭಯಕ್ಕೆ ಕೈ ತೆಗೆಯಲಿಲ್ಲ, ಮೇಲಕ್ಕೆ ಒತ್ತಿ ಹಿಡಿದೇ ನಿಂತ. ಬಲ್ಬು ಮಿಟುಕಲಿಲ್ಲ. ಕೈ ಸಡಿಲಿಸಿದ, ಆರಿತು. ಒತ್ತಿದ, ಹತ್ತಿತು. ಅಪ್ಪನ ಕಾಲದ ಹೋಲ್ಡರಿನ ಸ್ಪ್ರಿಂಗು ಸವೆದು ಮಣ್ಣಾಗಿದೆಯೆಂದು ಆಗ ಅವನ ತಲೆಗೆ ಹೊಳೆಯಿತು. ಬಾಗಿಲಾಚೆ ನೋಡಿದರೆ ಬೀದಿಗೆ ಬೀದಿಯೇ ಅವನ ಬಲ್ಬುಗಳಿಂದ ಹಾಲು ಚೆಲ್ಲಿದಂತೆ ಬೆಳಗುತ್ತಿತ್ತು.

ಅಷ್ಟರಲ್ಲಿ ಬಾಗಿಲಿಗೆ ಗುರುಸಿದ್ದಮ್ಮ ಬಂದು ನಿಂತಳು. ಬೆಳಕು ನೋಡಿ ಕೈ ಮುಗಿದಳು. ಆಮೇಲೆ ಕತ್ತೆತ್ತಿ ತಮ್ಮನನ್ನು ನೋಡಿದಳು.

“ಬಾಕ್ಕ, ಒಳೀಕ್ ಬಾ,” ಅಂದ ಸದಾಶಿವಪ್ಪ ಸ್ಟೂಲಿನ ಮೇಲಿಂದಲೇ. ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ಅಲ್ಲಿಂದ್ಲೇ ಕರೀತಿಯೇನ್ಲಾ? ಅವತ್ತು ಪೋನ್ನಲ್ಲಿ ಕರ್ದೆ, ಇವತ್ತು ಅಟ್ಟದ ಮ್ಯಾಲಿಂದ ಕರೀತಿದ್ದೀಯ.”

“ಇಳುದ್ರೆ ದೀಪ ಓಯ್ತದೆ ಕಣಕ್ಕ!”

“ಬೀದೀಲೆಲ್ಲ ತಂತಾನೇ ಉರೀತಾ ಅವೆ. ನಿಮ್ಮನೇದು ಮಾತ್ರ ನೀನು ಇಡ್ಕಂಡ್ರೇ ಉರಿಯೋದಾ? ಕಾಲು ಮುಟ್ಟಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯ್ಬುಟ್ಟು ಏಳು.”

ಅಷ್ಟು ಅಂದರೂ ಹುಟ್ಟಿದ ಮನೆಯ ಸೆಳೆತ ಎಲ್ಲಿಗೆ ಹೋಗುತ್ತದೆ? ಬಲಗಾಲೆತ್ತಿ ಹೊಸ್ತಿಲು ದಾಟಿಸಿದಳು. ಅಕ್ಕ ಸೋತಳೆಂದು ಸದಾಶಿವಪ್ಪನ ಎದೆ ಕರಗಿತು. ಬಲ್ಬಿನ ಚಿಂತೆ ಬಿಟ್ಟು, ಕಾಲು ಹಿಡಿಯಲೆಂದು ಸ್ಟೂಲಿನಿಂದ ಧುಮುಕಿದ.

ನಡುಮನೆ ಕಗ್ಗತ್ತಲಾಯಿತು.

“ಅಯ್ಯೋ ಸಿವನೇ! ಮನೆಮಗಳು ಕಾಲಿಕ್ಕೋ ಒತ್ಗೆ ದೀಪ ಆರ್ಸುದ್ನಲ್ಲಪ್ಪ!” ಗುರುಸಿದ್ದಮ್ಮ ಇಟ್ಟ ಕಾಲು ಹಿಂದಕ್ಕೆಳೆದುಕೊಂಡಳು. ಕತ್ತಲಲ್ಲಿ ಸದಾಶಿವಪ್ಪ ಹಿಡಿದದ್ದು ಬಾಗಿಲ ಚೌಕಟ್ಟು.

ಬೆಳಗಿನ ಬಸ್ಸಿನವರೆಗೆ ಇರುತ್ತೇನೆಂದು ಅವಳು ನೇರ ದೊಡ್ಡಮಾದಪ್ಪನ ಜಗಲಿಗೆ ಹೋಗಿ ಕೂತಳು. ರತ್ನ ಒಬ್ಬಟ್ಟಿನ ತಟ್ಟೆಯನ್ನು ಬೀದಿ ದಾಟಿಸಿದಳು.

“ಅಗಲೊತ್ತಿದ್ದಂಗದೆ ಬೆಳಕು. ಎಲ್ ತಂದ್ರಿ ಮಾದಪ್ಪಣ್ಣ ಈ ಬಲ್ಬ?” ಗುರುಸಿದ್ದಮ್ಮ ಕೇಳಿದಳು.

“ಹನೂರಿಂದು ಕಣವ್ವ,” ಅಂದ ದೊಡ್ಡಮಾದಪ್ಪ ಮೀಸೆ ನೀವುತ್ತ. “ಬಲ್ಬು ಅಂದ್ರೆ ನೋಡಿ, ಪರೀಕ್ಸೆ ಮಾಡಿ ತರ್ಬೇಕು.”

“ನಮ್ ಸದಾಸಿವಂಗೂ ಒಸಿ ಏಳ್ಕೊಡಿ.”

ಸದಾಶಿವಪ್ಪ ಕತ್ತಲಲ್ಲಿ ಕೂತು ಎದುರು ಜಗಲಿಯನ್ನೇ ನೋಡುತ್ತಿದ್ದ. ಬಲ್ಬಿನಲ್ಲಿ ಒಂದು ಚೂರೂ ದೋಷವಿರಲಿಲ್ಲ. ಅಕ್ಕನ ತಲೆ ಪೂರ್ತಿ ನರೆತಿರುವುದು ಇಷ್ಟು ದೂರಕ್ಕೂ ಚೆನ್ನಾಗಿ ಕಾಣುತ್ತಿತ್ತು.